ಒಂದು ಹೊಲಕ್ಕೆ ಒಂದು ತೆನೆ

ಆರ್.ಟಿ. ನಗರ, ಬೆಂಗಳೂರು
11-10-1982

ಪ್ರೀತಿಯ ಗೋದಾ,

ಬೈಯಬೇಡ ಕಣೇ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ನಾನು ಒಂದು ಗೀಟೂ ಬರೆಯಲಿಲ್ಲ. ಮೊದಲು ಗಣಪತಿ ಹಬ್ಬ, ಆಮೇಲೆ ಪಿತೃಪಕ್ಷ, ಈಗ ಅತ್ತೆಯವರ ಮಂಡಿನೋವು. ಮಾವನವರ ಶ್ರಾದ್ಧದಲ್ಲಿ ವಡೆ ಕರಿದು ಕರಿದು ನನ್ನ ಸೊಂಟ ಬಿದ್ದುಹೋಯಿತು. ಇದರ ನಡುವೆ ನಮ್ಮ ಸಂಶೋಧನಾ ಕೇಂದ್ರದ ರಾಗಿ ತೆನೆ ಬಿಟ್ಟಿದೆ. ರಾಗಿ ತೆನೆ ಬಿಟ್ಟ ಮೇಲೆ ನಾನು ಮನುಷ್ಯರ ಲೆಕ್ಕಕ್ಕೆ ಸೇರುವವಳಲ್ಲ ಅಂತ ಹಾಸ್ಟೆಲಿನ ದಿನಗಳಿಂದಲೂ ನಿನಗೆ ಗೊತ್ತು.

ನಿನ್ನ ತಾಯಿ ಹೇಗಿದ್ದಾರೆ? ಕಣ್ಣಿನ ಆಪರೇಷನ್ ಆದಮೇಲೆ ಪೇಪರು ಓದುವ ಹಾಗಾಯಿತೆ? ನೋಡಿಕೊಂಡು ಹೋಗಲು ಒಂದು ಶನಿವಾರ ತುಮಕೂರಿಗೆ ಬರೋಣ ಅಂದರೆ, ನೀನು ‘ಶನಿವಾರ ಮಾತ್ರ ಬೇಡ, ಕಾಲೇಜಿನಲ್ಲಿ ಟ್ಯುಟೋರಿಯಲ್’ ಅಂತೀಯ. ಭಾನುವಾರ ನನಗೆ ಅತ್ತೆ, ಅತ್ತೆಯ ಮಂಡಿ, ವಾರದ ಬಟ್ಟೆ. ನಮ್ಮಿಬ್ಬರ ಭೇಟಿ ಪಂಚಾಂಗದಲ್ಲೇ ಬರೆದಿಲ್ಲ ಬಿಡು.

ಈಗ ಕೇಳು. ಇವರ ‘ಹದಿನೇಳು’ ಬಿದ್ದುಹೋಯಿತು.

ನೀನು ಹೊಲ ಬಿಟ್ಟು ಪಾಠ ಹೇಳಲು ಹೋದವಳು, ಮರೆತಿರುತ್ತೀಯ, ಮತ್ತೆ ಹೇಳುತ್ತೇನೆ. ಹದಿನೇಳು ಅಂದರೆ ನಮ್ಮವರು ವರ್ಷಗಟ್ಟಲೆ ರಾಗಿಗೆ ರಾಗಿ ಬೆರೆಸಿ ತೆಗೆದ ಹೊಸ ತಳಿ. ಹದಿನೇಳನೇ ಸಾಲಿನಲ್ಲಿ ಹುಟ್ಟಿತು, ಹೆಸರೂ ಅದೇ ಆಯಿತು. ಬೆಂಕಿ ರೋಗ ಇದರ ಹತ್ತಿರ ಸುಳಿಯುವುದಿಲ್ಲ ಅನ್ನುವುದೇ ಇದರ ದೊಡ್ಡಸ್ತಿಕೆ. ಪ್ರತಿ ವರ್ಷ ನಾನೇ ನನ್ನ ಕೈಯಾರೆ ರೋಗದ ಬೂಜು ಬೆಳೆಸಿ, ನೀರಿನಲ್ಲಿ ಕಲಸಿ, ಇದರ ಮೇಲೆ ಸಿಂಪಡಿಸಿದ್ದೇನೆ. ಪಕ್ಕದ ಸಾಲು ಸುಟ್ಟುಹೋಗುತ್ತಿತ್ತು, ಇದು ಹಸುರಾಗಿ ನಗುತ್ತಿತ್ತು. ಬರುವ ಫೆಬ್ರವರಿಯಲ್ಲಿ ಸಮಿತಿ ಕೂತು ಇದನ್ನು ರೈತರಿಗೆ ಕೊಡುವ ತೀರ್ಮಾನ ಮಾಡಬೇಕು. ಅದಕ್ಕೆ ಮೊದಲು ‘ಈ ತಳಿ ರೋಗ ತಡೆಯುತ್ತದೆ’ ಅಂತ ರೋಗ ವಿಭಾಗದವರು ಸಹಿ ಹಾಕಬೇಕು. ರೋಗ ವಿಭಾಗ ಅಂದರೆ ಯಾರು? ನಾನೇ. ಗಂಡ ಸಾಕಿದ ಮಗುವಿಗೆ ಹೆಂಡತಿ ಸರ್ಟಿಫಿಕೇಟ್ ಕೊಡುವುದು!

ಮೂರು ವಾರದ ಹಿಂದೆ ನೋಡುತ್ತೇನೆ, ಹದಿನೇಳು ಬೆಳೆದ ತಾಕಿನಲ್ಲಿ ತೆನೆಗಳ ಕತ್ತು ಕಪ್ಪಾಗಿದೆ. ಅಲ್ಲೊಂದು ಇಲ್ಲೊಂದಲ್ಲ, ಸಾಲಿಗೆ ಸಾಲೇ ಬಾಗಿ ನಿಂತಿದೆ. ಮುಟ್ಟಿದರೆ ಒಳಗೆ ಬರೀ ಜೊಳ್ಳು. ಇವರನ್ನು ಕರೆದು ತೋರಿಸಿದೆ. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿದರು. ಆಮೇಲೆ, “ಇದು ನಮ್ಮ ತಾಕಿಂದಲ್ಲ ವೇಣಿ. ಯಾರೋ ಹೊರಗಿಂದ ತಂದಿದ್ದಾರೆ,” ಅಂದರು.

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಂತೆ ಕೂತಿತು. ಯಾರು ತಂದರು? ಎಲ್ಲಿಂದ?

ರೋಗದ ತೆನೆ ತಂದು ಬೂಜು ಬೆಳೆಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬೂಜುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ, ಏನೂ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಬೇರೆಬೇರೆ ಹಳೇ ರಾಗಿ ತಳಿಗಳನ್ನು ಕುಂಡಗಳಲ್ಲಿ ಸಾಲಾಗಿ ಬೆಳೆಸಿ, ಎಲ್ಲದರ ಮೇಲೂ ಸಿಂಪಡಿಸುತ್ತೇವೆ. ಯಾವುದನ್ನು ಸುಟ್ಟಿತು, ಯಾವುದನ್ನು ಬಿಟ್ಟಿತು ಅಂತ ನೋಡಿ ಬೂಜಿನ ಬಗೆ ಹೇಳುವುದು. ಊಟದ ಎಲೆಯ ಮೇಲೆ ಬದನೆಕಾಯಿ ಬಿಟ್ಟಿದ್ದಾನೋ ಹಾಗಲಕಾಯಿ ಬಿಟ್ಟಿದ್ದಾನೋ ನೋಡಿ, ಎದ್ದುಹೋದವನು ಯಾರು ಅಂತ ಅತ್ತೆ ಹೇಳುತ್ತಾರಲ್ಲ, ಹಾಗೆ. ನಮ್ಮ ಅಟೆಂಡರ್ ಜಾಫರ್ ಕುಂಡಗಳಿಗೆ ಒದ್ದೆ ಗೋಣಿ ಹೊದಿಸಿ ಕಾದ. ಗೋಣಿ ತೆಗೆದು ನೋಡಿದರೆ ಎಲೆಗಳ ಮೇಲೆ ಬಿದ್ದ ಗುರುತು ನನಗೆ ಹೊಸದಲ್ಲ. ಥೇಟು ಅದೇ ಗುರುತು ಹೋದ ವರ್ಷ ಒಂದೇ ಒಂದು ಕಡೆಯ ಬೂಜಿನಲ್ಲಿ ಕಂಡಿದ್ದೆ. ಚಿಕ್ಕಜಾಲದ ವೆಂಕಟೇಶಪ್ಪ ಅನ್ನುವ ರೈತನ ಹೊಲದಿಂದ ನಾನೇ ಕಿತ್ತು ತಂದ ತೆನೆ ಅದು. ಟ್ಯೂಬಿನ ಮೇಲೆ ‘ಚಿಕ್ಕಜಾಲ’ ಅಂತ ನನ್ನ ಅಕ್ಷರದಲ್ಲೇ ಇದೆ.

ಚಿಕ್ಕಜಾಲದ ಬೂಜು ಹೆಬ್ಬಾಳದ ನಮ್ಮ ತಾಕಿಗೆ ಹೇಗೆ ಬಂತು? ನಮಗೆ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ ನೆನಪಿದೆಯಾ? ಮೊದಲು ಚೊಕ್ಕ ತಾಕಿಗೆ ಹೋಗಿ, ಆಮೇಲೆ ರೋಗದ ತಾಕಿಗೆ. ಉಲ್ಟಾ ಹೋದರೆ ನಮ್ಮ ಬಟ್ಟೆಯೇ ರೋಗ ಹೊತ್ತು ತರುತ್ತೆ. ಅಂದರೆ ಯಾರೋ ಚಿಕ್ಕಜಾಲದ ಹೊಲದಲ್ಲಿ ಓಡಾಡಿ, ಅದೇ ಬಟ್ಟೆಯಲ್ಲಿ ನಮ್ಮ ತಾಕಿಗೆ ಕಾಲಿಟ್ಟಿದ್ದಾರೆ.

ಗೋದಾ, ಇನ್ನು ಬರೆಯುವುದನ್ನು ನೀನು ಯಾರ ಹತ್ತಿರವೂ ಬಾಯಿ ಬಿಡಬಾರದು. ಇವರು ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ನೇರ ಯಶವಂತಪುರಕ್ಕೆ ಹೋಗುತ್ತಾರೆ. ಅಲ್ಲಿ ಯಾರೋ ಪಂಡಿತರು ಅತ್ತೆಯ ಮಂಡಿಗೆ ಎಣ್ಣೆ ಕೊಡುತ್ತಾರಂತೆ. ಬರುವ ಹೊತ್ತಿಗೆ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತೆ. ಭಾನುವಾರ ಬೆಳಿಗ್ಗೆ ಅದೇ ಪ್ಯಾಂಟು ಏರಿಸಿಕೊಂಡು ಹದಿನೇಳನ್ನು ನೋಡಲು ತಾಕಿಗೆ ಓಡುತ್ತಾರೆ. ನಾನು ಬಟ್ಟೆ ನೆನೆಸುವಾಗ ನೋಡಿದರೆ ಪ್ಯಾಂಟಿನ ಅಂಚಿನ ತುಂಬ ಉತ್ತರಾಣಿ ಮುಳ್ಳು! ಒಂದು ವಾರವಲ್ಲ, ವಾರವಾರವೂ. ಯಶವಂತಪುರದ ಪೇಟೆಯಲ್ಲಿ ಉತ್ತರಾಣಿ ಎಲ್ಲಿ ಬೆಳೆಯುತ್ತೆ ಹೇಳು? ಅದು ಎಂಥ ಹಟಮಾರಿ ಮುಳ್ಳು ಅಂತ ನಿನಗೆ ಹೇಳಬೇಕಾಗಿಲ್ಲ. ಹೋದ ವರ್ಷ ನಿಮ್ಮ ಮನೆಗೆ ರೈಲು ಹಳಿ ಪಕ್ಕದ ಕಾಲುದಾರಿಯಲ್ಲಿ ಬಂದು, ನನ್ನ ಸೀರೆಯ ಅಂಚಿಗೆ ಅಂಟಿದ್ದನ್ನು ನಿನ್ನ ತಾಯಿ ಪಕ್ಕದಲ್ಲಿ ಕೂತು ಬಿಡಿಸಿದ್ದರಲ್ಲ. ಇವರ ಪ್ಯಾಂಟಿನ ಮುಳ್ಳನ್ನೂ ಹಾಗೇ ಬಿಡಿಸಿ ಬಚ್ಚಲ ಒಲೆಗೆ ಹಾಕಿದೆ. ಇವರಿಗೆ ಏನೂ ಹೇಳಲಿಲ್ಲ.

ಇವರು ಹದಿನೇಳರ ಬೀಜವನ್ನು ಗುಟ್ಟಾಗಿ ಆ ವೆಂಕಟೇಶಪ್ಪನಿಗೆ ಕೊಟ್ಟಿದ್ದಾರೆ ಅಂತ ನನ್ನ ಅನುಮಾನ. ಸಮಿತಿ ಒಪ್ಪುವ ಮೊದಲೇ ಬೀಜ ಹೊರಗೆ ಹೋಯಿತು ಅಂತ ಡೈರೆಕ್ಟರ್ ಸೇತುರಾಮಯ್ಯನವರಿಗೆ ಗೊತ್ತಾದರೆ ಇವರ ಕೆಲಸ ಉಳಿಯುವುದಿಲ್ಲ. ಗೊತ್ತಿದ್ದೂ ಸಹಿ ಹಾಕಿದರೆ ನನ್ನದೂ ಉಳಿಯುವುದಿಲ್ಲ. ಕೆಲಸ ಹಾಳಾಗಲಿ, ಹನ್ನೊಂದು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಹಾಗೆ ಬದುಕಿದ ಮನುಷ್ಯ ವಾರವಾರ ಸುಳ್ಳು ಹೇಳುತ್ತಿದ್ದಾನೆ ಅಂದರೆ ನಾನು ಯಾವ ಮುಖ ಇಟ್ಟುಕೊಂಡು ಎದುರು ಕೂರಲಿ? ಇನ್ನೊಂದು ಬಗೆಯ ಅನುಮಾನವೂ ಬರುತ್ತೆ. ಅದನ್ನು ಬರೆಯಲು ಕೈ ಏಳುವುದಿಲ್ಲ.

ನಾವು ಮೂವರೂ ಒಂದೇ ಬೆಂಚಿನವರು. ಅವರನ್ನು ನನ್ನಷ್ಟೇ ಚೆನ್ನಾಗಿ ಬಲ್ಲವಳು ನೀನೊಬ್ಬಳು. ಏನು ಮಾಡಲಿ ಹೇಳು. ಉತ್ತರವನ್ನು ಆಫೀಸಿನ ವಿಳಾಸಕ್ಕೆ ಬರೆ.

ಅಮ್ಮನಿಗೆ ನನ್ನ ನಮಸ್ಕಾರ.

ನಿನ್ನ
ವೇಣಿ


ಆರ್.ಟಿ. ನಗರ
8-11-1982

ಪ್ರೀತಿಯ ಗೋದಾ,

ನಿನ್ನ ಉತ್ತರ ವಾರದೊಳಗೇ ಬಂತು, ನನಗೆ ಮೂರ್ಛೆ ಬರುವುದೊಂದು ಬಾಕಿ! ದಸರಾ ಗೊಂಬೆಯನ್ನು ಕೂಡ ಸಂಕ್ರಾಂತಿಗೆ ಇಳಿಸುವ ನೀನು ಇಷ್ಟು ಬೇಗ ಬರೆದದ್ದು ಇದೇ ಮೊದಲು. ಹಾಗಿದ್ದೂ ನಾನೇ ತಡಮಾಡಿದೆ, ಮನ್ನಿಸು. ‘ಬೀಜದ ವಿಷಯವೇ ಇರಬೇಕು, ಬೇರೆ ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಿಕ್ಕಜಾಲಕ್ಕೆ ನೀನೇ ಹೋಗಿ ನೋಡು’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಅರ್ಧ ಜೀವ ಬಂತು. ಹೋಗಿ ಬಂದೆ. ಅದನ್ನು ಹೇಳುವ ಮೊದಲು ಮನೆಯ ಕತೆ ಕೇಳು.

ಇವರ ಪ್ಯಾಂಟು ಈಗ ಚೊಕ್ಕ. ಒಂದು ಮುಳ್ಳಿಲ್ಲ. ಅಷ್ಟೇ ಅಲ್ಲ, ಶನಿವಾರ ಬಂದ ಕೂಡಲೇ ಬಚ್ಚಲಿಗೆ ಹೋಗಿ ತಾವೇ ಪ್ಯಾಂಟು ಝಾಡಿಸಿ ನೆನೆಸುತ್ತಾರೆ! ಮದುವೆಯಾದಾಗಿನಿಂದ ಕರ್ಚೀಫು ಹಿಂಡದ ಮನುಷ್ಯ. ನಾನು ಮುಳ್ಳು ನೋಡಿದ್ದು ಇವರಿಗೆ ಗೊತ್ತಾದದ್ದಾದರೂ ಹೇಗೆ? ಜಾಫರ್ ಹೇಳಿದನೇ? ಅವನಿಗೆ ಟ್ಯೂಬಿನ ವಿಷಯ ಗೊತ್ತು, ಮುಳ್ಳಿನ ವಿಷಯ ಗೊತ್ತಿಲ್ಲ. ಅತ್ತೆಯೇ? ಅವರು ಬಚ್ಚಲ ಕಡೆ ತಲೆ ಹಾಕಿ ಎಷ್ಟು ದಿನವಾಯಿತೋ. ಮೊನ್ನೆ ನಾನು ಜಾಫರನನ್ನು ಅಡ್ಡಡ್ಡ ಪ್ರಶ್ನೆ ಕೇಳಿದ್ದಕ್ಕೆ ಅವನು, “ಮೇಡಂ, ನೀವು ಪೊಲೀಸ್ ಡಿಪಾರ್ಟ್‌ಮೆಂಟ್‌ಗೆ ಯಾಕೆ ಸೇರ್ಲಿಲ್ಲ?” ಅಂತ ಕೇಳಿ ಗೋಣಿ ಹೊತ್ತುಕೊಂಡು ಹೋದ.

ಎಣ್ಣೆ ಮಾತ್ರ ಬರುತ್ತಲೇ ಇದೆ. ಅತ್ತೆಯ ಕಪಾಟಿನಲ್ಲಿ ಸೀಸೆಗಳ ಮೇಳವೇ ಕೂತಿದೆ. ಮೊನ್ನೆ ಅವರೇ, “ಇದೇನೇ ವೇಣಿ, ವಾರವಾರವೂ ಎಣ್ಣೆ ತರ್ತಾನೆ! ನನ್ನ ಮಂಡಿ ಏನು ರೈಲ್ ಎಂಜಿನ್ನಾ?” ಅಂದರು. ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು.

ಮೊನ್ನೆ ಶನಿವಾರ ಇವರು ಯಶವಂತಪುರ ಅಂತ ಹೊರಟರು. ನಾನು ಅತ್ತೆಗೆ, ಬ್ಯಾಟರಾಯನಪುರದಲ್ಲಿ ನಮ್ಮ ಆಫೀಸಿನವರ ಮನೆಯಲ್ಲಿ ಅರಿಶಿನ ಕುಂಕುಮ ಅಂತ ಹೇಳಿ, ರೇಷ್ಮೆ ಸೀರೆ ಉಟ್ಟು, ಹೆಬ್ಬಾಳದಲ್ಲಿ ದೇವನಹಳ್ಳಿ ಬಸ್ಸು ಹತ್ತಿದೆ. ರೇಷ್ಮೆ ಸೀರೆಯಲ್ಲಿ ರಾಗಿ ಹೊಲಕ್ಕೆ ಹೋದ ಮೊದಲ ಹುಚ್ಚಿ ನಾನೇ ಇರಬೇಕು. ಚಿಕ್ಕಜಾಲದಲ್ಲಿ ಇಳಿದು ನಾಲ್ಕೂ ಕಡೆ ಕಣ್ಣಾಡಿಸಿದೆ. ಯಾವ ಮರದ ಹಿಂದೆ ಇವರ ಬಿಳಿ ಅಂಗಿ ಕಾಣುತ್ತೋ ಅಂತ ಸೆರಗು ತಲೆಯ ಮೇಲೆ ಎಳೆದುಕೊಂಡೆ.

ವೆಂಕಟೇಶಪ್ಪ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ನನ್ನ ಸೀರೆ ನೋಡಿ ಎದ್ದು ನಿಂತ.

“ಏನವ್ವಾ, ಮದ್ವೆಗೇನಾರಾ ಬಂದಿದ್ರಾ?”

“ಮದುವೆ ಆಮೇಲೆ ಹೇಳ್ತೀನಿ. ನಮ್ಮ ಕೇಂದ್ರದಿಂದ ಯಾರಾದ್ರೂ ಸಾಹೇಬರು ಇಲ್ಲಿಗೆ ಬರ್ತಾರಾ? ಶನಿವಾರ, ಮಧ್ಯಾಹ್ನದ ಮೇಲೆ?”

“ಯಾರ್ ಬತ್ತಾರವ್ವಾ! ಓದ್ ವರ್ಸ ನೀವ್ ಬಂದ್ರಿ, ಇಂಗೆ ಒಂದ್ ತೆನೆ ಕಿತ್ಕೊಂಡ್ರಿ, ಓದ್ರಿ. ಅದೇ ಕೊನೆ.”

“ಸುಳ್ಳು ಹೇಳ್ಬೇಡಿ. ಬೀಜ ಯಾರು ಕೊಟ್ರು?”

“ನಮ್ಮಪ್ಪ ಕೊಟ್ಟಿದ್ದ್ ಬೀಜ ಕಣವ್ವಾ ಇದು. ಸತ್ ಓಗವ್ನೆ, ಬೇಕಾದ್ರೆ ಕರುದ್ ಕೇಳಿ.”

ಅವನು ಹಾಗೆ ನಗುತ್ತಾ ಹೇಳಿದ್ದೇ ನನಗೆ ಅನುಮಾನ ಹೆಚ್ಚಿಸಿತು. ಮನೆಗೆ ಹೋದೆ. ಅವನ ಹೆಂಡತಿ ಮುನಿನಾರಾಯಣಮ್ಮ ಮಜ್ಜಿಗೆ ಕೊಟ್ಟಳು. ನಾನು ಕೂತ ಕೂಡಲೇ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ನಾನು ಬಿಟ್ಟೇನೆ? ಬೀಜದ ಮೂಟೆ ಅಲ್ಲೇ ಇದೆ ಅಂತ ಖಾತ್ರಿಯಾಯಿತು. “ಆ ಕೋಣೇಲಿ ಏನಿದೆ, ಬಾಗಿಲು ತೆಗೀರಿ,” ಅಂದೆ. ಅವಳು, “ಬ್ಯಾಡ ಕಣವ್ವಾ,” ಅಂದಳು. ನಾನೇ ಎದ್ದು ತಳ್ಳಿದೆ. ಒಳಗೆ ಮಂಚದ ಮೇಲೆ ಅವಳ ಮಗಳು, ಪಕ್ಕದಲ್ಲಿ ಹಸುಗೂಸು. “ಅಸಿ ಬಾಣಂತಿ ಅವ್ಳೆ, ಗಾಳಿ ಸೋಕ್ತದೆ ಅಂತ ಮುಚ್ಚಿದ್ದೆ,” ಅಂದಳು ಮುನಿನಾರಾಯಣಮ್ಮ. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಕೂಸಿನ ಕೈಗೆ ಏನಾದರೂ ಇಡೋಣ ಅಂದರೆ ಪರ್ಸಿನಲ್ಲಿ ಬಸ್ ಚಾರ್ಜಿಗೆ ಬಿಟ್ಟು ಬೇರೆ ಇರಲಿಲ್ಲ. ಕಡೆಗೆ ಮುಡಿದಿದ್ದ ಮಲ್ಲಿಗೆ ತೆಗೆದು ಬಾಣಂತಿಗೆ ಕೊಟ್ಟು ಬಂದೆ.

ಇಷ್ಟಾದ ಮೇಲೂ ಸುಮ್ಮನೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಿಲ್ಲ, ಆ ಹೊಲದ ಮೂಲೆಮೂಲೆಗೆ ನುಗ್ಗಿ ಕತ್ತು ಕಪ್ಪಾದ ತೆನೆಗಳನ್ನೆಲ್ಲ ಕಿತ್ತು ಚೀಲ ತುಂಬಿಸಿದೆ. ನಾವು ಯಾವಾಗಲೂ ಮಾಡುವುದು ಹೇಗೆ? ಒಂದು ಹೊಲಕ್ಕೆ ಒಂದು ತೆನೆ, ಅದಕ್ಕೊಂದು ಟ್ಯೂಬು, ಟ್ಯೂಬಿನ ಮೇಲೆ ಊರ ಹೆಸರು. ಹೆಚ್ಚು ತಂದರೆ ಟ್ಯೂಬು ಯಾರು ತೊಳೆಯುತ್ತಾರೆ, ಕುಂಡಕ್ಕೆ ಜಾಗ ಎಲ್ಲಿದೆ? ಈ ಬಾರಿ ಮಾತ್ರ ಇವರ ಕಳ್ಳತನಕ್ಕೆ ಸಾಕ್ಷಿ ಬೇಕಿತ್ತು ನನಗೆ, ಒಂದು ಟ್ಯೂಬಲ್ಲ, ಒಂದು ಸ್ಟ್ಯಾಂಡಿನ ತುಂಬ. ವೆಂಕಟೇಶಪ್ಪ, “ತಕ್ಕಳಿ ತಕ್ಕಳಿ, ಸುಟ್ಟೋಗಿರೋ ತೆನೆ ಯಾರ್ಗ್ ಬೇಕು,” ಅಂತ ತಾನೂ ನಾಲ್ಕು ಕಿತ್ತುಕೊಟ್ಟ.

ಒಂದು ಮಾತು ಮಾತ್ರ ಸರಿಹೋಗಲಿಲ್ಲ. ಆ ಹೊಲವೆಲ್ಲ ಸುತ್ತಿ ಬಂದರೂ ನನ್ನ ಸೀರೆಗೆ ಒಂದು ಉತ್ತರಾಣಿ ಮುಳ್ಳು ಅಂಟಲಿಲ್ಲ. ಗುರುತು ಸಿಗಬಾರದು ಅಂತ ಬದು ಕೆತ್ತಿಸಿದ್ದಾರೋ ಏನೋ! ಇವರು ಯಾವ ದಾರಿಯಲ್ಲಿ ಹೋಗುತ್ತಾರೋ ದೇವರಿಗೇ ಗೊತ್ತು.

ಬೂಜು ಬೆಳೆದು, ಕುಂಡಗಳ ಮೇಲೆ ಗುರುತು ಬೀಳುವವರೆಗೆ ನಾನು ಬಾಯಿ ಹೊಲಿದುಕೊಂಡಿರುತ್ತೇನೆ. ನಾನು ಚಿಕ್ಕಜಾಲಕ್ಕೆ ಹೋದದ್ದು ನಿನಗೊಬ್ಬಳಿಗೇ ಗೊತ್ತು. ದೀಪಾವಳಿಗೆ ಅಮ್ಮನಿಗೆ ಎಣ್ಣೆ ಒತ್ತುವಾಗ ನನ್ನ ಹೆಸರು ಹೇಳಿ ಒಂದು ಬೊಟ್ಟು ಹೆಚ್ಚು ಒತ್ತು.

ನಿನ್ನ
ವೇಣಿ


ಆರ್.ಟಿ. ನಗರ
14-1-1983, ಸಂಕ್ರಾಂತಿ

ಪ್ರೀತಿಯ ಗೋದಾ,

ಹಬ್ಬದ ದಿನ ಬೆಳಗ್ಗೆ ಒಲೆಯ ಮೇಲೆ ಹುಗ್ಗಿ ಇಟ್ಟುಕೊಂಡು ಕಾಗದಕ್ಕೆ ಕೂತಿದ್ದೇನೆ. ಎರಡು ತಿಂಗಳಿಂದ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ಓದಿದ ಮೇಲೆ ನಗುತ್ತೀಯ. ನಾನಂತೂ ಬೆಳಗಿನಿಂದ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಒಬ್ಬಳೇ ನಗುತ್ತಿದ್ದೇನೆ. ಅತ್ತೆ ಎರಡು ಸಲ ಬಂದು ನೋಡಿಹೋದರು.

ಗೋದಾ, ಚಿಕ್ಕಜಾಲದ ಬೂಜು ಅನ್ನುವುದೇ ಇಲ್ಲ!

ಆ ಚೀಲದ ತೆನೆಗಳಿಂದ ಒಂದೊಂದಕ್ಕೂ ಬೇರೆ ಟ್ಯೂಬು ಹಾಕಿದೆ. ಜಾಫರ್ ಗೊಣಗುತ್ತಲೇ ಗಾಜು ತೊಳೆದ. ಅವನ ಹೆಂಡತಿ ಕುಲ್ಸುಮ್ ಕಳಿಸಿದ ಖೀರು ಕುಡಿದು ಇಬ್ಬರೂ ಕುಂಡ ಜೋಡಿಸಿದೆವು. ಎಲ್ಲ ತೆನೆಯೂ ಒಬ್ಬನೇ ರೈತನ ಒಂದೇ ಹೊಲದ್ದು ತಾನೇ? ಎಲ್ಲ ಕುಂಡಗಳಲ್ಲೂ ಒಂದೇ ಗುರುತು ಬೀಳಬೇಕಿತ್ತು. ಗೋಣಿ ತೆಗೆದರೆ ಒಂದು ಬೂಜು ಈ ತಳಿಯನ್ನು ಸುಟ್ಟಿದೆ, ಅದರ ಪಕ್ಕದ ತೆನೆಯ ಬೂಜು ಅದನ್ನು ಬಿಟ್ಟು ಇನ್ನೊಂದನ್ನು ಸುಟ್ಟಿದೆ. ಹದಿನೇಳನ್ನು ಮುಟ್ಟದವೂ ಇವೆ, ಬೂದಿ ಮಾಡಿದವೂ ಇವೆ. ಒಂದೇ ಹೊಲದಲ್ಲಿ, ಮಾರುದ್ದದ ಜಾಗದಲ್ಲಿ, ಇಷ್ಟು ಬಗೆ! ನಾನೇ ಏನೋ ಕಲಬೆರಕೆ ಮಾಡಿದ್ದೇನೆ ಅಂತ ಎಲ್ಲ ಚೆಲ್ಲಿ ಮತ್ತೆ ಮೊದಲಿಂದ ಮಾಡಿದೆ. ಮತ್ತೂ ಅದೇ.

ಆಮೇಲೆ ತಲೆಗೆ ಬೆಳಕು ಬಂತು. ಬ್ಯಾಟರಾಯನಪುರದ ಹೊಲ, ಸೋಲದೇವನಹಳ್ಳಿಯ ಹೊಲ, ಕಡೆಗೆ ನಮ್ಮದೇ ತಾಕಿನ ಬದುವಿನ ಮೇಲೆ ಯಾರೂ ಕೇಳದ ಕಾಡು ರಾಗಿ ಹುಲ್ಲು, ಎಲ್ಲ ಕಡೆಯಿಂದಲೂ ಕೈತುಂಬ ತಂದು ನೋಡಿದೆ. ಎಲ್ಲ ಕಡೆಯೂ ಎಲ್ಲ ಬಗೆಯೂ ಇದೆ. ನಾನು ‘ಚಿಕ್ಕಜಾಲ’ ಅಂತ ಹೆಸರಿಟ್ಟ ಬೂಜು ನಮ್ಮ ನಲ್ಲಿಯ ಪಕ್ಕದ ಹುಲ್ಲಿನಲ್ಲಿ ಆರಾಮವಾಗಿ ಕೂತಿದೆ! ಅದು ಎಷ್ಟು ವರ್ಷದಿಂದ ಅಲ್ಲೇ ಸಂಸಾರ ಮಾಡುತ್ತಿತ್ತೋ. ಹದಿನೇಳನ್ನು ತಾಕಿನ ತುಂಬ ಬೆಳೆದದ್ದೇ ತಡ, ಅದನ್ನು ತಿನ್ನಬಲ್ಲ ಬಗೆಗೆ ಹಬ್ಬವಾಯಿತು. ಯಾರೂ ತರಬೇಕಾಗಿರಲಿಲ್ಲ, ಯಾವ ಪ್ಯಾಂಟಿನ ಅಂಚೂ ಬೇಕಾಗಿರಲಿಲ್ಲ.

ನಾವೆಲ್ಲ ಇಷ್ಟು ವರ್ಷ ಮಾಡಿದ ಪೆದ್ದುತನ ನೋಡು. ಒಂದು ಹೊಲಕ್ಕೆ ಒಂದು ತೆನೆ ಕಿತ್ತು, ಆ ಟ್ಯೂಬೇ ಆ ಊರು ಅಂತ ನಂಬಿದೆವು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾನು ಹದಿನೇಳಿಗೆ ವರ್ಷವರ್ಷವೂ ಸಿಂಪಡಿಸಿದ್ದು ಫ್ರಿಜ್ಜಿನಲ್ಲಿ ಸಾಕಿದ ಒಂದೇ ಬೂಜಿನ ಸಂತಾನ. ಹದಿನೇಳು ಆ ಒಂದನ್ನು ಗೆದ್ದಿತ್ತು, ನಾವು ಊರನ್ನೇ ಗೆದ್ದಿತು ಅಂತ ಬೀಗಿದೆವು. ನಾನು ಸಹಿ ಹಾಕಿದ್ದರೆ, ವೆಂಕಟೇಶಪ್ಪನಂಥವರು ಮುಂದಿನ ಮಳೆಗಾಲಕ್ಕೆ ಅದನ್ನೇ ಬಿತ್ತಿ ಜೊಳ್ಳು ಕೊಯ್ಯುತ್ತಿದ್ದರು.

‘ಈ ತಳಿ ರೋಗ ತಡೆಯುತ್ತದೆ ಎಂದು ಹೇಳಲಾಗದು. ಎಲ್ಲ ಬಗೆಯ ಬೂಜಿಗೂ ಒಡ್ಡಿ ಮತ್ತೆ ನೋಡಬೇಕು’ ಅಂತ ವರದಿ ಬರೆದು ಸೇತುರಾಮಯ್ಯನವರಿಗೆ ಕೊಟ್ಟೆ. ಕೊಡುವ ಮೊದಲು ಇವರಿಗೆ ತೋರಿಸಿದೆ. ಮನೆ ಹಾರಿಹೋಗುವಂತೆ ಕೂಗಾಡುತ್ತಾರೆ ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರ ಅರ್ಧ ಆಯುಸ್ಸು ಆ ಸಾಲಿನಲ್ಲಿದೆ. ಅವರು ಓದಿ, ಮಡಿಸಿ, “ನಿನಗೆ ಸರಿ ಕಂಡ ಹಾಗೆ ಮಾಡು ವೇಣಿ. ನಾನು ಅಡ್ಡ ಬರಲ್ಲ,” ಅಂದರು. ಅಷ್ಟೇ. ಇಂಥ ಮನುಷ್ಯನನ್ನು ಕಳ್ಳ ಅಂದುಕೊಂಡೆನಲ್ಲ ಅಂತ ನನಗೆ ಅಳು ಬಂತು ಗೋದಾ.

ಉತ್ತರಾಣಿ ಮುಳ್ಳು ಎಲ್ಲಿಂದಲಾದರೂ ಬಂದಿರಲಿ. ಯಶವಂತಪುರದಲ್ಲೂ ಎಲ್ಲೋ ಖಾಲಿ ಸೈಟು ಇದ್ದೀತು. ಬೂಜೇ ಸಾಕ್ಷಿ ಅಂತ ಕೂತಿದ್ದೆ, ಬೂಜೇ ಅವರ ಪರ ನಿಂತಿತು. ಇವತ್ತು ಮಧ್ಯಾಹ್ನ ಬಡಿಸುವಾಗ ತಪ್ಪಾಯಿತು ಅಂತ ಕೇಳಿಕೊಳ್ಳುತ್ತೇನೆ. ಹೆಚ್ಚು ವಿವರಿಸುವುದಿಲ್ಲ. ಮುಳ್ಳು, ಬಸ್ಸು, ಬಾಣಂತಿ ಎಲ್ಲ ಹೇಳಿದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ.

ನಿನಗೆ ಎಳ್ಳು ಕಳಿಸಬೇಕು, ಸಕ್ಕರೆ ಅಚ್ಚಿನ ಸಮೇತ. ನಿನಗಿಷ್ಟದ ಗಿಣಿಯ ಅಚ್ಚು ತೆಗೆದಿಟ್ಟಿದ್ದೇನೆ. ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ. “ಆ ಗೋದಾಗೆ ಯಾರಾದ್ರೂ ಒಳ್ಳೇ ಗಂಡು ನೋಡ್ರೋ, ಪಾಪ, ತಾಯಿ ಜೊತೆ ಒಂಟಿಯಾಗಿದಾಳೆ” ಅಂತ ಇವರಿಗೆ ಹೇಳಿದರು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ಈ ಸಂಕ್ರಮಣ ನಿನ್ನ ಬಾಳಿಗೆ ಬೆಳಕು ತರಲಿ, ಅಮ್ಮನ ಕಣ್ಣು ತಿಳಿಯಾಗಿರಲಿ, ನೀನು ನೂರು ಕಾಲ ನಗುತ್ತಿರು.

ಸದಾ ನಿನ್ನ
ವೇಣಿ

ಮರೆತ ಮಾತು: ಮೇಲಿನದನ್ನು ಊಟಕ್ಕೆ ಮೊದಲು ಬರೆದೆ. ಈಗ ಊಟವಾಯಿತು.

ಹುಗ್ಗಿ ಬಡಿಸುತ್ತಾ, “ರೀ, ಇಷ್ಟು ದಿನ ನಿಮ್ಮ ಮೇಲೆ ಸುಮ್ಮಸುಮ್ಮನೆ ಅನುಮಾನಪಟ್ಟೆ. ತಾಕಿಗೆ ರೋಗ ತಂದೋರು ನೀವೇ ಅಂದ್ಕೊಂಡಿದ್ದೆ. ತಪ್ಪಾಯ್ತು,” ಅಂದೆ. ಇಷ್ಟೇ ಅಂದದ್ದು. ಅವರ ಮುಖ ಅರಳಿಬಿಟ್ಟಿತು. ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕರು. “ಅಲ್ವೇ ವೇಣಿ, ಪ್ಯಾಂಟಿಗೆ ನಾಲ್ಕು ಉತ್ತರಾಣಿ ಮುಳ್ಳು ಅಂಟಿದ್ದಕ್ಕೆ ನನ್ನನ್ನ ಚಿಕ್ಕಜಾಲಕ್ಕೇ ಕಳಿಸಿಬಿಟ್ಟೆಯಲ್ಲ! ಪಾಪ, ಆ ಬಾಣಂತಿ ಏನಂದ್ಕೊಂಡ್ಲೋ!”

ನಾನೂ ನಕ್ಕೆ. ಇನ್ನೊಂದು ಮಿಳ್ಳೆ ತುಪ್ಪ ಹಾಕಿದೆ. ಅಡಿಗೆಮನೆಗೆ ಬಂದು ಈ ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡೆ.

ಮುಳ್ಳಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಚಿಕ್ಕಜಾಲ ಅಂದಿರಲಿಲ್ಲ. ಬಾಣಂತಿಯ ವಿಷಯ ಈ ಲೋಕದಲ್ಲಿ ಒಬ್ಬಳಿಗೇ ಬರೆದಿದ್ದೆ. ಆ ಕಾಗದಗಳನ್ನು ನನ್ನ ಕೈಯಾರೆ ಹೆಬ್ಬಾಳದ ಅಂಚೆ ಡಬ್ಬಿಗೆ ಹಾಕಿದ್ದೆ.

ಒಂದು ತೆನೆ ನೋಡಿ ಹೊಲ ಅಳೆಯಬಾರದು ಅಂತ ಈಗ ತಾನೇ ಬರೆದಿದ್ದೇನೆ. ಅದಕ್ಕೇ ಒಂದನ್ನೇ ನಂಬಲಿಲ್ಲ, ಮೂಲೆಮೂಲೆಯಿಂದ ಕಿತ್ತು ನೋಡಿದೆ. ನನ್ನ ಮೊದಲ ಕಾಗದ ನಿನಗೆ ತಲುಪಿದ ಮೇಲೇ ಅವರ ಪ್ಯಾಂಟು ಚೊಕ್ಕವಾದದ್ದು. ಎಂದೂ ಇಲ್ಲದೆ ನೀನು ವಾರದೊಳಗೇ ಉತ್ತರ ಬರೆದದ್ದು, ಚಿಕ್ಕಜಾಲಕ್ಕೇ ಹೋಗು ಅಂತ ನನ್ನನ್ನು ಅತ್ತ ಅಟ್ಟಿದ್ದು. ನಿನ್ನ ಶನಿವಾರದ ಟ್ಯುಟೋರಿಯಲ್. ಯಶವಂತಪುರದಲ್ಲಿ ತುಮಕೂರಿನ ರೈಲು ನಿಲ್ಲುತ್ತೆ. ನಿಮ್ಮ ಮನೆಯ ಕಾಲುದಾರಿಯಲ್ಲಿ ಮೊಣಕಾಲೆತ್ತರ ಉತ್ತರಾಣಿ. ಬೂಜೆಲ್ಲ ಒಂದೇ ಬಗೆಯಾದ ಹೊಲ ಒಂದೂ ಸಿಗಲಿಲ್ಲ ನನಗೆ. ಇವು ಮಾತ್ರ ಎಲ್ಲವೂ ಒಂದೇ ಬಗೆ ಗೋದಾ.

ಅವರು ಹೋದದ್ದಕ್ಕಿಂತ, ನೀವಿಬ್ಬರೂ ಕೂತು ನನ್ನ ಕಾಗದ ಓದಿ ನಕ್ಕಿರಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ.

ಎಳ್ಳಿನ ಡಬ್ಬಿಯ ಮೇಲೆ ನಿನ್ನ ಹೆಸರು, ಊರು ಬರೆದು ಅಂಟಿಸಿದ್ದೇನೆ, ಟ್ಯೂಬಿಗೆ ಅಂಟಿಸುವ ಹಾಗೆ. ಗಿಣಿಯ ಅಚ್ಚು ಒಳಗಿದೆ. ಈ ಕವರಿಗೆ ಸ್ಟಾಂಪು ಹಚ್ಚಿಲ್ಲ, ನೋಡು. ನಾಳೆ ಶನಿವಾರ. ಅವರೇ ತಂದುಕೊಡುತ್ತಾರೆ.